ಅಡುಗೆಮನೆಯಿಂದ: ಎಲ್ಲರಿಗೂ ಒಂದೇ ಪಾತ್ರೆಯ ಕೋಳಿ



ತಿರುಪ್ಪೂರಿನಲ್ಲಿ ಬನಿಯನ್ ಕಂಪನಿಗೆ ಹೋಗುವವರ ಮನೆಗಳಲ್ಲಿ ಎಲ್ಲರೂ ಒಟ್ಟಿಗೆ ಊಟಕ್ಕೆ ಕೂರುವುದು ಭಾನುವಾರ ಮಾತ್ರ. ಶನಿವಾರ ಸಂಬಳ, ಭಾನುವಾರ ಬೆಳಿಗ್ಗೆ ಬಲಿಪೂಜೆ, ಬರುವ ದಾರಿಯಲ್ಲಿ ಕೋಳಿ ಅಂಗಡಿ. ನಮ್ಮ ಮನೆಯ ಕ್ರಮವೂ ಇದೇ. ಆದರೆ ಸುಮಾರು ಎರಡು ವರ್ಷ, ಆ ಒಂದು ದಿನವೂ ನಮ್ಮ ಮಾವನವರು ನಮ್ಮ ಜೊತೆ ಕೂರಲಿಲ್ಲ. ಹಲ್ಲುಗಳು ಹೋಗಿದ್ದವು. ಖಾರ ತಾಗಿದರೆ ಕೆಮ್ಮು ಹತ್ತಿ ನಿಲ್ಲುತ್ತಿರಲಿಲ್ಲ. ನಾವು ಪಳ್ಳಿಪಾಳಯಂ ಕೋಳಿ ಮಾಡಲು ಒಣಮೆಣಸಿನಕಾಯಿ ಎಣ್ಣೆಗೆ ಹಾಕಿದರೆ ಸಾಕು, ಆ ಘಾಟಿಗೆ ಎದ್ದು ಜಗಲಿಗೆ ಹೋಗಿಬಿಡುತ್ತಿದ್ದರು. ಅವರಿಗೆ ಬೇರೆಯಾಗಿ ರಸಂ ಅನ್ನ ಕಲಸಿ ಅಲ್ಲಿಗೇ ಕೊಡುತ್ತಿದ್ದೆ. "ನೀವೆಲ್ಲ ತಿನ್ನಿರಮ್ಮಾ, ನನಗೇನು ಕಡಿಮೆ?" ಎನ್ನುತ್ತಿದ್ದರು. ನಾವೂ ಅದನ್ನು ನಂಬಿಬಿಟ್ಟಿದ್ದೆವು.

ರೋಮಿನಲ್ಲಿ ಕೆಲವು ವರ್ಷ ಸೇವೆ ಮಾಡಿ ಬಂದ ಸಿಸ್ಟರ್ ಒಬ್ಬರು ಮನೆಗೆ ಬಂದಾಗ ಇದನ್ನು ಕಂಡರು. ಅವರು ಹೇಳಿಕೊಟ್ಟದ್ದೇ ಈ ಅಡುಗೆ. ಇಟಲಿಯಲ್ಲಿ ಇದರ ಹೆಸರು 'ಪೊಲ್ಲೊ ಅಲ್ಲಾ ಕಚ್ಚಾತೋರಾ', ಅಂದರೆ ಬೇಟೆಗಾರರ ಶೈಲಿಯ ಕೋಳಿ. ಒಂದೊಂದು ಸೀಮೆಯಲ್ಲಿ ಒಂದೊಂದು ರೀತಿ ಮಾಡುತ್ತಾರೆ. ಹೆಸರು ಕೇಳಿ ಹೆದರಬೇಡಿ. ಬೇಕಾದದ್ದೆಲ್ಲ ನಮ್ಮ ಸುತ್ತಲೇ ಇದೆ. ಪಲ್ಲಡದ ಕಡೆಯ ಬ್ರಾಯ್ಲರ್ ಕೋಳಿ, ಉಡುಮಲೈ ಕಡೆಯ ಟೊಮೆಟೊ, ನೀಲಗಿರಿಯಿಂದ ಮೇಟ್ಟುಪಾಳಯಂ ಮಂಡಿಗೆ ಇಳಿಯುವ ಕ್ಯಾರೆಟ್, ಆಲೂಗಡ್ಡೆ. ಉಳವರ್ ಸಂದೈಗೆ ಬೆಳಿಗ್ಗೆ ಹೋದರೆ ತರಕಾರಿ ತಾಜಾ ಸಿಗುತ್ತದೆ. ಟೊಮೆಟೊ ಕೂಡ ಅಮೆರಿಕ ಖಂಡದಿಂದ ಇಟಲಿಗೂ ನಮಗೂ ಬಂದ ನೆಂಟ. ಆದ್ದರಿಂದ ಇದು ಪರದೇಶದ ಅಡುಗೆ ಎಂದು ದೂರವಿಡುವ ಕಾರಣವಿಲ್ಲ.

ಬೇಕಾಗುವ ಸಾಮಗ್ರಿಗಳು (6 ಜನರಿಗೆ):
ಮೂಳೆ ಸಹಿತ ಕೋಳಿ, ದೊಡ್ಡ ತುಂಡುಗಳು – 1 ಕಿಲೋ
ಹಣ್ಣಾದ ಟೊಮೆಟೊ – ಅರ್ಧ ಕಿಲೋ
ದೊಡ್ಡ ಈರುಳ್ಳಿ – 2
ಬೆಳ್ಳುಳ್ಳಿ – 6 ಎಸಳು
ಕ್ಯಾರೆಟ್ – 2, ಆಲೂಗಡ್ಡೆ – 2, ದಪ್ಪ ಮೆಣಸಿನಕಾಯಿ – 1
ವಿನೆಗರ್ – 1 ದೊಡ್ಡ ಚಮಚ
ಎಣ್ಣೆ – 3 ದೊಡ್ಡ ಚಮಚ
ಕಾಳುಮೆಣಸಿನ ಪುಡಿ – ಕಾಲು ಚಿಕ್ಕ ಚಮಚ
ಪಲಾವ್ ಎಲೆ – 1, ಉಪ್ಪು – ರುಚಿಗೆ
ಊಟಿ ಕಡೆಯ ರೋಸ್‌ಮೇರಿ ಸಿಕ್ಕಿದರೆ ಒಂದು ಕಡ್ಡಿ

ಮಾಡುವ ವಿಧಾನ:
ಕೋಳಿಯ ತೇವ ಒರೆಸಿ, ಉಪ್ಪು, ಮೆಣಸಿನ ಪುಡಿ ಸವರಿ. ದಪ್ಪ ತಳದ ಸ್ಟೀಲ್ ಪಾತ್ರೆಯಲ್ಲಿ ಎಣ್ಣೆ ಕಾಯಿಸಿ, ತುಂಡುಗಳನ್ನು ಒತ್ತೊತ್ತಾಗಿ ತುಂಬದೆ ಎರಡು ಸಲವಾಗಿ ಹಾಕಿ, ಎರಡೂ ಬದಿ ಹೊಂಬಣ್ಣ ಬರುವವರೆಗೆ ಹುರಿದು ತೆಗೆದಿಡಿ. ಅದೇ ಎಣ್ಣೆಯಲ್ಲಿ ಈರುಳ್ಳಿಯನ್ನು ಸಣ್ಣ ಉರಿಯಲ್ಲಿ ಮೆತ್ತಗಾಗಿಸಿ, ಬೆಳ್ಳುಳ್ಳಿ ಸೇರಿಸಿ. ವಿನೆಗರ್ ಹಾಕಿ ತಳಕ್ಕೆ ಹಿಡಿದಿರುವುದನ್ನು ಕೆರೆದು ಬಿಡಿಸಿ. ರುಚಿಯೆಲ್ಲ ಅಲ್ಲಿದೆ. ಇಟಲಿಯಲ್ಲಿ ಈ ಹಂತಕ್ಕೆ ದ್ರಾಕ್ಷಾರಸ ಹಾಕುವವರಿದ್ದಾರೆ. ನಮಗೆ ವಿನೆಗರ್ ಸಾಕು.

ಹೆಚ್ಚಿದ ಟೊಮೆಟೊ, ಪಲಾವ್ ಎಲೆ, ರೋಸ್‌ಮೇರಿ ಹಾಕಿ 10 ನಿಮಿಷ ಬೇಯಿಸಿ. ಕೋಳಿ, ಕ್ಯಾರೆಟ್, ಆಲೂಗಡ್ಡೆ ಸೇರಿಸಿ, ತುಂಡುಗಳು ಅರ್ಧ ಮುಳುಗುವಷ್ಟು ಮಾತ್ರ ಬಿಸಿನೀರು ಹಾಕಿ ಮುಚ್ಚಿ. ಸಣ್ಣ ಉರಿಯಲ್ಲಿ 40 ನಿಮಿಷ. ಕೊನೆಯ 10 ನಿಮಿಷಕ್ಕೆ ದಪ್ಪ ಮೆಣಸಿನಕಾಯಿ ಹಾಕಿ. ನಾಟಿ ಕೋಳಿಯಾದರೆ ಒಂದೂಕಾಲು ಗಂಟೆಗೂ ಹೆಚ್ಚು ಬೇಕು. ತರಕಾರಿಯನ್ನು ಆಮೇಲೆ ಹಾಕಿ. ಮೂಳೆಯ ಹತ್ತಿರ ಕೆಂಪು ನೀರು ಕಾಣಬಾರದು.

ಮೊದಲ ಸಲ ನಾನು ಅವಸರದಲ್ಲಿ ಕುಕ್ಕರಿಗೆ ಹಾಕಿ ನಾಲ್ಕು ಸೀಟಿ ಕೂಗಿಸಿದೆ. ಕೋಳಿ ನಾರುನಾರಾಗಿ ಬಿಡಿಸಿಕೊಂಡಿತು, ಆಲೂಗಡ್ಡೆ ಕರಗಿತು, ಸಾರು ನೀರುನೀರು. ಸಣ್ಣ ಉರಿಯಲ್ಲಿ ಬೆಂದರೆ ಮಾತ್ರ ಕೀಲುಗಳ ಸುತ್ತಲಿನ ಅಂಟು ನಿಧಾನವಾಗಿ ಕರಗಿ, ಸಾರು ಗಟ್ಟಿಯಾಗಿ, ಮಾಂಸ ಬೆರಳಲ್ಲಿ ಬಿಡಿಸುವಷ್ಟು ಮೃದುವಾಗುತ್ತದೆ. ಹಲ್ಲಿಲ್ಲದವರಿಗೆ ಬೇಕಾದದ್ದು ಅದೇ. ಆದರೂ ಅವರಿಗೆ ಬಡಿಸುವಾಗ ಮೂಳೆ ತೆಗೆದುಬಿಡಿ. ಹುಳಿ ಇರುವುದರಿಂದ ಹೊಟ್ಟೆಹುಣ್ಣು ಇರುವವರು ಡಾಕ್ಟರನ್ನು ಕೇಳಿ ತಿನ್ನಲಿ. ಅಲ್ಯೂಮಿನಿಯಂ ಪಾತ್ರೆ ಈ ಹುಳಿಗೆ ಒಳ್ಳೆಯದಲ್ಲ.

"ಖಾರವಿಲ್ಲದ ಕೋಳಿಯಾ?" ಎಂದು ನನ್ನ ಮಗ ಮುಖ ತಿರುಗಿಸಿದ. ಹಿಂದಿನ ರಾತ್ರಿಯೇ ಒಣಮೆಣಸಿನಕಾಯಿ ಹುರಿದು ಕುಟ್ಟಿ ಎಣ್ಣೆಯಲ್ಲಿ ಕಲಸಿ ಬಟ್ಟಲಲ್ಲಿಟ್ಟಿದ್ದೆ. ಬೇಕಾದವರು ತಟ್ಟೆಗೆ ಹಾಕಿಕೊಂಡರು. ಇಷ್ಟು ದಿನ ಖಾರ ಪಾತ್ರೆಯಲ್ಲಿತ್ತು, ಮಾವನವರು ಹೊರಗಿದ್ದರು. ಈಗ ಖಾರ ಹೊರಗೆ ಬಂತು, ಅವರು ಒಳಗೆ ಬಂದರು. ಬ್ರೆಡ್ಡನ್ನು ಸಾರಿನಲ್ಲಿ ಅದ್ದಿ ತಿನ್ನುತ್ತಾ, ಊಟ ಮುಗಿದ ಮೇಲೂ ಅರ್ಧ ಗಂಟೆ ಕೂತು ಮೊಮ್ಮಕ್ಕಳಿಗೆ ತಮ್ಮ ಮಗ್ಗದ ದಿನಗಳ ಕಥೆ ಹೇಳಿದರು. ಆ ಕಥೆಗಳನ್ನು ನನ್ನ ಮಕ್ಕಳು ಕೇಳಿದ್ದು ಅದೇ ಮೊದಲು.

ಸಂತ ಪೌಲರು ಕೊರಿಂಥದ ಸಭೆಗೆ ಬರೆದ ಮೊದಲ ಪತ್ರದ 11ನೇ ಅಧ್ಯಾಯದಲ್ಲಿ, ಊಟಕ್ಕೆ ಸೇರುವಾಗ ಒಬ್ಬರಿಗಾಗಿ ಒಬ್ಬರು ಕಾಯಿರಿ ಎಂದು ಬುದ್ಧಿ ಹೇಳುತ್ತಾರೆ. ಅದನ್ನು ಪೂಜೆಯಲ್ಲಿ ಎಷ್ಟೋ ಸಲ ಕೇಳಿದ್ದೆ. ನಮ್ಮ ಜಗಲಿಯ ಕಡೆ ತಿರುಗಿ ನೋಡಿರಲಿಲ್ಲ.

ನಿಮ್ಮ ಮನೆಯಲ್ಲೂ ಬೇರೆ ತಟ್ಟೆಯಲ್ಲಿ, ಬೇರೆ ಹೊತ್ತಿನಲ್ಲಿ ಉಣ್ಣುವವರು ಇದ್ದಾರೆಯೇ? ಬರುವ ಭಾನುವಾರ ಅವರ ಬಾಯಿಗೆ ಹಿತವಾಗುವಂತೆ ಪಾತ್ರೆ ಒಲೆಗಿಡಿ. ತಪಸ್ಸುಕಾಲದ ಶುಕ್ರವಾರ ಓದುತ್ತಿದ್ದರೆ ಕೋಳಿ ಬಿಟ್ಟು ಅಣಬೆ, ತರಕಾರಿಯಲ್ಲೇ ಮಾಡಿ. 25 ನಿಮಿಷ ಸಾಕು.