ರೋಗಿಯಿಂದ ನಿರ್ದೋಷಿತ್ವದ ಸಾಕ್ಷ್ಯವನ್ನು ಕೇಳಬಾರದು

1989ರಲ್ಲಿ ಗೋವೆಯ ಡೊಮಿನಿಕ್ ಡಿಸೋಜಾ ಎಂಬ ತರುಣನು, ತಾನು ದಾನವಾಗಿ ಕೊಟ್ಟ ರಕ್ತದಲ್ಲಿ ಎಚ್‌ಐವಿ ಸೋಂಕು ಕಂಡುಬಂದಿತೆಂಬ ಕಾರಣಕ್ಕಾಗಿ ಪೊಲೀಸರ ವಶನಾಗಿ, ಹಳೆಯದೊಂದು ಕ್ಷಯರೋಗಾಲಯದಲ್ಲಿ 64 ದಿನಗಳ ಏಕಾಂತಬಂಧನವನ್ನು ಅನುಭವಿಸಿದನು. ಅನ್ಯರ ಪ್ರಾಣವುಳಿಯಲೆಂದು ರಕ್ತವಿತ್ತವನನ್ನು ಹೀಗೆ ಕೂಡಿಹಾಕಲು ಅಂದಿನ ಗೋವೆಯ ಕಾನೂನೇ ಅಧಿಕಾರ ಕೊಟ್ಟಿದ್ದಿತು.

ಆಮೇಲೆ ವೈದ್ಯಶಾಸ್ತ್ರವು ಬಹುದೂರ ನಡೆದು ಬಂದಿದೆ. 2004ರಿಂದ ಸರ್ಕಾರದ ಎಆರ್‌ಟಿ (ಎಚ್‌ಐವಿ ಚಿಕಿತ್ಸಾ) ಕೇಂದ್ರಗಳಲ್ಲಿ ಉಚಿತವಾಗಿ ದೊರೆಯುತ್ತಿರುವ ಗುಳಿಗೆಗಳನ್ನು ನಿತ್ಯವೂ ತಪ್ಪದೆ ಸೇವಿಸುವವರು ದೀರ್ಘಾಯುಗಳಾಗಿ ಬಾಳಬಲ್ಲರು. ರಕ್ತದಲ್ಲಿನ ವೈರಾಣು ಪರೀಕ್ಷೆಗೂ ನಿಲುಕದಷ್ಟು ಕುಗ್ಗಿ ಹಾಗೆಯೇ ಉಳಿದಿದ್ದರೆ, ದಾಂಪತ್ಯದ ಸಂಗಾತಿಗೂ ಅವರಿಂದ ಸೋಂಕು ತಗಲದು. ಇಷ್ಟಾಗಿಯೂ, ಒಟ್ಟಿಗೆ ಉಣ್ಣುವುದರಿಂದ ಈ ರೋಗ ಹರಡದೆಂದು ಬಲ್ಲ ಮನೆಗಳಲ್ಲಿಯೇ ಸೋಂಕಿತ ಸೊಸೆಯ ತಟ್ಟೆ ಲೋಟಗಳನ್ನು ಬೇರೆ ಇಡುವುದುಂಟು. ಪ್ರತಿಯೊಬ್ಬ ರೋಗಿಯನ್ನು ಮುಟ್ಟುವಾಗಲೂ ಕೈಗವಸು ಮೊದಲಾದ ಸಮಾನ ಎಚ್ಚರಿಕೆ ಇದ್ದರೆ ಸಾಕಾಗುವ ಆಸ್ಪತ್ರೆಗಳಲ್ಲಿ ಆಕೆಯ ಕೇಸ್ ಶೀಟಿನ ಮೇಲೆ ಕೆಂಪು ಶಾಯಿಯ ಗುರುತು ಹಾಕಿ, ವಾರ್ಡಿಗೆಲ್ಲ ಸುದ್ದಿ ತಿಳಿಯುವಂತೆ ಮಾಡುವುದುಂಟು.

ಇದಕ್ಕೆ ಮೂಲ ಅಜ್ಞಾನವೊಂದೇ ಆಗಿದ್ದರೆ ತಿಳಿವಳಿಕೆಯಿಂದ ಅದು ಎಂದೋ ನೀಗುತ್ತಿತ್ತು. ರೋಗಿಯನ್ನು ಕಂಡೊಡನೆ "ಎಲ್ಲಿಂದ ಅಂಟಿಸಿಕೊಂಡೆ?" ಎಂದು ಕೇಳುವ ನಮ್ಮ ಪ್ರವೃತ್ತಿಯಲ್ಲಿಯೇ ಅದರ ನಿಜವಾದ ಬೇರಿದೆ. ತಾಯಿಯಿಂದ ಸೋಂಕು ಪಡೆದ ಶಿಶುವಿಗೂ, ಗಂಡನಿಂದ ಪಡೆದ ಗೃಹಿಣಿಗೂ ನಾವು ಮರುಗುತ್ತೇವೆ. ದೇವದಾಸಿ ಪದ್ಧತಿಯ ಬಲೆಗೆ ಸಿಕ್ಕ ಹೆಣ್ಣಿಗೆ, ಲಾರಿ ಚಾಲಕನಿಗೆ, ಸಲಿಂಗಾನುರಾಗಿಗೆ ಆ ಮರುಕವನ್ನು ನಿರಾಕರಿಸುತ್ತೇವೆ. ಹೀಗೆ ವಿಂಗಡಿಸಿ ಹಂಚಿದ ಅನುಕಂಪವು ತಿರಸ್ಕಾರದ ಇನ್ನೊಂದು ರೂಪವೇ ಸರಿ. ಈ ಪ್ರಶ್ನೆಗೆ ಅಂಜಿ ಪರೀಕ್ಷೆಗೇ ಬಾರದವರು, ಗುಳಿಗೆಯನ್ನು ಬಚ್ಚಿಟ್ಟು ನುಂಗುತ್ತ ಕಡೆಗೆ ಬಿಟ್ಟೇಬಿಡುವವರು ಇದ್ದಾರೆ. ಅವರ ಮರಣದಲ್ಲಿ ಸಮಾಜದ ಪಾಲೂ ಇದೆ.

2018ರ ಸೆಪ್ಟೆಂಬರ್ 10ರಿಂದ ಜಾರಿಯಲ್ಲಿರುವ ಎಚ್‌ಐವಿ ಮತ್ತು ಏಡ್ಸ್ ಕಾಯಿದೆಯು ಉದ್ಯೋಗ, ವಿದ್ಯೆ, ವಸತಿ, ಚಿಕಿತ್ಸೆಗಳಲ್ಲಿ ಸೋಂಕಿತರಿಗೆ ಭೇದವೆಣಿಸುವುದನ್ನು ನಿಷೇಧಿಸಿದೆ. ಸೋಂಕು ಯಾವ ಮಾರ್ಗದಿಂದ ಬಂದಿತೆಂಬುದನ್ನು ನೋಡಿ ಈ ರಕ್ಷಣೆಯನ್ನು ಅಳೆದುಕೊಡುವುದಿಲ್ಲ. ಕಾನೂನು ಕೈಬಿಟ್ಟ ಆ ವಿಚಾರಣೆಯನ್ನು ನಮ್ಮ ಮನೆ, ಕಚೇರಿ, ಆಸ್ಪತ್ರೆಗಳೂ ಕೈಬಿಡಲಿ. ರೋಗಿಯನ್ನು ಕೇಳಲೇಬೇಕಾದ ಮಾತೊಂದಿದ್ದರೆ, ಅದು ಚಿಕಿತ್ಸೆ ಸರಿಯಾಗಿ ದೊರೆಯುತ್ತಿದೆಯೇ ಎಂಬುದು ಮಾತ್ರ.