ಚಳಿಗಾಲದಲ್ಲಿ ಕುಂಡದ ಗಿಡಕ್ಕೂ ಪಥ್ಯ ಬೇಕು

ಮಾರ್ಗಶಿರ–ಪುಷ್ಯ ಮಾಸಗಳ ಹೇಮಂತ ಋತುವಿನಲ್ಲಿ ಮನುಷ್ಯನ ಜಠರಾಗ್ನಿ ಪ್ರಬಲವಾಗಿ ಹಸಿವು ಹೆಚ್ಚುತ್ತದೆ ಎಂಬುದು ಆಯುರ್ವೇದದ ಋತುಚರ್ಯೆ ತಿಳಿಸುವ ಮಾತು. ಕುಂಡದಲ್ಲಿರುವ ತುಳಸಿ, ದೊಡ್ಡಪತ್ರೆಗಳ ಸ್ಥಿತಿ ಇದಕ್ಕೆ ವಿರುದ್ಧ. ಚಳಿಯಲ್ಲಿ ಅವುಗಳ ಬೆಳವಣಿಗೆ ಕುಂಠಿತವಾಗಿ, ನೀರು–ಗೊಬ್ಬರಗಳ ಅಗತ್ಯ ತಗ್ಗುತ್ತದೆ. ಇದನ್ನರಿಯದೆ ನಾವು ಬೇಸಿಗೆಯಂತೆಯೇ ನಿತ್ಯವೂ ತಂಬಿಗೆ ತುಂಬ ನೀರೆರೆಯುತ್ತೇವೆ. ಮಣ್ಣು ಆರದೆ ಬೇರು ಕೊಳೆಯುತ್ತದೆ; ಎಲೆ ಹಳದಿಯಾದೊಡನೆ ನೀರು ಸಾಲದೆಂದು ಬಗೆದು ಮತ್ತಷ್ಟು ಸುರಿಯುತ್ತೇವೆ. ಅಜೀರ್ಣದ ರೋಗಿಗೆ ಮೃಷ್ಟಾನ್ನ ಬಡಿಸಿದಂತೆ ಇದು.

ಬೆರಳಿಟ್ಟು ನೋಡಿ, ಮೇಲ್ಮಣ್ಣು ಒಂದಂಗುಲ ಒಣಗಿದ್ದರೆ ಮಾತ್ರ ಬೆಳಗಿನ ಹೊತ್ತು ನೀರೆರೆಯಬೇಕು. ದಪ್ಪ ಎಲೆಗಳಲ್ಲಿ ನೀರು ಹಿಡಿದಿಡುವ ದೊಡ್ಡಪತ್ರೆಗೆ ಇನ್ನೂ ಕಡಿಮೆ ಸಾಕು. ಬೀದರ, ವಿಜಯಪುರಗಳ ಕಡೆ ರಾತ್ರಿಯ ಉಷ್ಣತೆ 10 ಡಿಗ್ರಿಯ ಆಸುಪಾಸಿಗೆ ಇಳಿಯುವುದುಂಟು. ಆಗ ತುಳಸಿಯ ಕುಂಡವನ್ನು ರಾತ್ರಿ ಪಡಸಾಲೆಗೆ ತಂದು, ಹಗಲು ಬಿಸಿಲಿಗಿಡುವುದು ಲೇಸು. ಶಿವರಾತ್ರಿಯವರೆಗೆ ಗೊಬ್ಬರ ಬೇಡ.

ನೆಗಡಿ–ಕೆಮ್ಮುಗಳ ಈ ಕಾಲದಲ್ಲಿಯೇ ಕಷಾಯಕ್ಕೆಂದು ನಾವು ಗಿಡವನ್ನು ಬೋಳಿಸುತ್ತೇವೆ. ಸೊರಗಿದ ಗಿಡ ಬೇಗ ಚಿಗುರದು. ಐದಾರು ಎಲೆ ಸಾಕಾಗುವಲ್ಲಿ ಹಿಡಿ ತುಂಬ ಕೀಳುವುದು ಸಲ್ಲದು. ನಮಗೆ ಔಷಧಿಯಾಗುವ ಜೀವದ ಮೇಲೂ ದಯೆಯಿರಬೇಕೆಂಬುದು ಶರಣರ ಮಾರ್ಗವನ್ನು ನಂಬಿದ ನಮ್ಮ ಅಭಿಪ್ರಾಯ.