ಕೈಲಾಸಂ ನೆನಪೂ ರಂಗಭೂಮಿಯೂ

ಜಯನಗರದಲ್ಲಿ ಬಹುಕಾಲದಿಂದ ಕನ್ನಡ ಪಾಠ ಹೇಳಿಕೊಂಡು ಬಂದಿರುವ ನನ್ನನ್ನು ಒಂದು ಸಂಗತಿ ಕೊರೆಯುತ್ತಲೇ ಇದೆ. ಟಿ.ಪಿ. ಕೈಲಾಸಂ ಎಂದೊಡನೆ ತರಗತಿಯಲ್ಲಿ ನಗೆ ಏಳುತ್ತದೆ; ಅವರು ಆಡಿದರೆನ್ನಲಾದ ನಾಲ್ಕು ಚಟಾಕಿಗಳು ಎಲ್ಲರ ನಾಲಗೆಯ ತುದಿಯಲ್ಲೂ ಉಂಟು. ಅವರ ಒಂದು ನಾಟಕವನ್ನಾದರೂ ಓದಿರುವಿರಾ ಎಂದು ಕೇಳಿದರೆ ಮಾತ್ರ ಮೌನ. ಕರ್ತೃವು ಉಳಿದು ಕೃತಿಯು ಮರೆಯಾಗುತ್ತಿರುವ ಈ ವಿಪರೀತಕ್ಕೆ ಹುಡುಗರನ್ನು ದೂರಿ ಫಲವಿಲ್ಲ. ನಾವು ಅವರಿಗೆ ದಾಟಿಸಿದ್ದೇ ಅಷ್ಟು.

ಕೈಲಾಸಂ ತೀರಿಕೊಂಡದ್ದು 1946ರಲ್ಲಿ. ಹದಿನೈದರ ಪ್ರಾಯದಲ್ಲಿ ಅವರ ಮಾತನ್ನು ಕಿವಿಯಾರೆ ಕೇಳಿದವರಿಗೂ ಇಂದು ತೊಂಬತ್ತು ದಾಟಿರುತ್ತದೆ. ನಮ್ಮ ತಲೆಮಾರು ಕಂಡ ಕೈಲಾಸಂ ಸಿ.ಆರ್. ಸಿಂಹರ ಕೈಲಾಸಂ. ಟಿ.ಎನ್. ನರಸಿಂಹನ್ ರಚಿಸಿದ 'ಟಿಪಿಕಲ್ ಟಿ.ಪಿ. ಕೈಲಾಸಂ' ಎಂಬ ಏಕವ್ಯಕ್ತಿ ನಾಟಕದಲ್ಲಿ, 1980ರ ದಶಕದಿಂದ, ಸಿಂಹರು ಆ ಮಹಾಶಯನನ್ನು ನಮ್ಮೆದುರು ತಂದು ನಿಲ್ಲಿಸಿದರು. 2014ರಲ್ಲಿ ಸಿಂಹರೂ ಹೋದರು. ಇನ್ನು ಆ ಪಾತ್ರವನ್ನು ವಹಿಸುವವನು ಕೈಲಾಸಂ ಅವರನ್ನಲ್ಲ, ಸಿಂಹರನ್ನೇ ಅನುಕರಿಸುವ ಅಪಾಯವುಂಟು. ನೆರಳಿಗೂ ಒಂದು ನೆರಳು!

ಹಾಗಾದರೆ ನೆನಪನ್ನು ರಂಗಕ್ಕೆ ತರುವುದೇ ಬೇಡವೆ? ತರಬೇಕು, ಆದರೆ ನೆನೆಯುವವನೂ ರಂಗದ ಮೇಲಿರಬೇಕೆಂದು ನನ್ನ ಅಭಿಪ್ರಾಯ. ಕೈಲಾಸಂ ಕೂತು ಬರೆದುದಕ್ಕಿಂತ ಹೇಳಿ ಬರೆಸಿದ್ದೇ ಹೆಚ್ಚು. ಬಿ.ಎಸ್. ರಾಮರಾಯರಂಥ ಗೆಳೆಯರು ಬರೆದುಕೊಳ್ಳದೆ ಹೋಗಿದ್ದರೆ ಎಷ್ಟೋ ಗಾಳಿಗೆ ಹೋಗುತ್ತಿತ್ತು. 'ಕೀಚಕ'ವಂತೂ ಅವರು ಕಣ್ಮರೆಯಾದ ಮೇಲೆ ಗೆಳೆಯರ ಸ್ಮರಣೆಯಿಂದಲೇ ಪುಸ್ತಕವಾಯಿತು. ಕಾಗದದ ಮುಂದೆ ಕುಳಿತು, 'ಇಲ್ಲಿ ಏನೆಂದಿದ್ದ?' ಎಂದು ತಡವರಿಸುವ ಆ ಗೆಳೆಯನಿಗಿಂತ ನಾಟಕೀಯವಾದ ಪಾತ್ರ ಬೇಕೆ? ಅವನ ಮರೆವಿನಲ್ಲಿಯೇ ಹೋದವನ ಅಳತೆ ತಿಳಿಯುತ್ತದೆ. ಪೂರ್ಣಚಂದ್ರ ತೇಜಸ್ವಿಯವರ 'ಅಣ್ಣನ ನೆನಪು' ನಮ್ಮನ್ನು ಹಿಡಿಯುವುದೂ ಹೀಗೆಯೇ. ಅಲ್ಲಿ ಮಹಾಕವಿಯನ್ನು ತೋರಿಸುತ್ತಿರುವುದು ಮಗನ ಕಣ್ಣು. ಆ ಮಗನನ್ನು ನೇಪಥ್ಯಕ್ಕೆ ಕಳುಹಿಸಿದರೆ ರಂಗದ ಮೇಲೆ ಉಳಿಯುವುದು ಕುವೆಂಪು ಅವರ ವೇಷ ಮಾತ್ರ.

ಚಟಾಕಿಗಳ ಮೇಲೆ ನನಗೆ ದ್ವೇಷವಿಲ್ಲ. (ನಾನೂ ಎರಡನ್ನು ಬಲ್ಲೆ, ಒಂದನ್ನು ಇಲ್ಲಿ ಅಚ್ಚು ಮಾಡುವಂತಿಲ್ಲ.) ಆದರೆ ಅವುಗಳ ಹಿಂದಿನಿಂದಲೇ 'ಟೊಳ್ಳುಗಟ್ಟಿ' ಬರಲಿ. ಪರೀಕ್ಷೆಯಲ್ಲಿ ಮೇಲಾದ ಮಗನನ್ನು ಮೆರೆಸಿ, ಮನೆಯ ಕಷ್ಟಕ್ಕೆ ಒದಗುವ ಮಗನನ್ನು ಹಳಿಯುವ ತಂದೆಯ ಕಥೆ ಅದು. ನೂರು ವರ್ಷ ದಾಟಿದ ಈ ಪುಟ್ಟ ನಾಟಕಕ್ಕೆ ಬೀದಿಗೊಂದು ಟ್ಯೂಷನ್ ತರಗತಿಯಿರುವ ಜಯನಗರಕ್ಕಿಂತ ತಕ್ಕ ಪ್ರೇಕ್ಷಕರೆಲ್ಲಿ? ರಂಗಶಂಕರವು 2004ರಿಂದ ಪಕ್ಕದ ಜೆ.ಪಿ. ನಗರದಲ್ಲಿಯೇ ಇದೆ. ಕೈಲಾಸಂ ಅವರನ್ನು ನೆನೆಯುವ ಸಂಜೆ ಎಲ್ಲಿಯೇ ನಡೆಯಲಿ, ಮೊದಲು ಗೆಳೆಯನ ನೆನಪು, ಮಧ್ಯೆ ಕಾಫಿಗೆ ಹತ್ತು ನಿಮಿಷ, ಆಮೇಲೆ 'ಟೊಳ್ಳುಗಟ್ಟಿ'. ಮಕ್ಕಳ ಜೊತೆಗೆ ತಂದೆತಾಯಂದಿರೂ ಬರತಕ್ಕದ್ದು.